ಸೀದಾ ಅಂದರೆ ಯಾವ ಕಡೆ?

ನಮ್ಮ ಮನೆಯಲ್ಲಿ ಎಲ್ಲರ ಕಾಲಿಗೂ ಒಂದೇ ಜಾಗದಲ್ಲಿ ಕಲೆ ಇತ್ತು. ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಮೇಲೆ, ಹುಣಸೆಬೀಜದಷ್ಟು ಕರಿ ಗುರುತು. ಅಪ್ಪನಿಗೆ, ಅವ್ವನಿಗೆ, ನನಗೆ, ಮನೆಗೆ ಬಂದುಹೋಗುವ ಒಬ್ಬಿಬ್ಬರು ಬೀಗರಿಗೂ. ವಂಶದ ರೋಗವೇನಲ್ಲ. ಅಪ್ಪನ ಅಂಬಾಸಡರ್ ಕಾರಿನ ಹಿಂದೆ, ಬಂಪರಿನ ಕೆಳಗಿಂದ ಒಂದು ಗೇಣು ಹೊರಗೆ ಚಾಚಿಕೊಂಡಿದ್ದ ಕಬ್ಬಿಣದ ಕೊಕ್ಕೆಯ ಕೆಲಸ ಅದು. ಟ್ರಾಲಿ ಎಳೆಯಲು ಹಾಕಿಸಿದ ಕೊಕ್ಕೆ. ಅದನ್ನು ಹಾಕಿಸುವಾಗ ಪಟ್ಟ ಪಾಡು ನೆನೆದರೆ ಈಗಲೂ ನನ್ನ ತಲೆ ಕೆಡುತ್ತದೆ. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಹಿ ನೆನಪು ಎಂದು ಓದಲು ಕುಳಿತವರು ಈಗಲೇ ಏಳಬಹುದು.

ಎಂಬತ್ತರ ದಶಕದ ನಡುವಿನ ಮಾತು. ನಾನು ಕಾಲೇಜಿನ ಪರೀಕ್ಷೆ ಮುಗಿಸಿ ರಾಯಚೂರಿನ ಮನೆಯಲ್ಲಿದ್ದೆ. ಅವ್ವನ ಹತ್ತಿರ ಒಂದು ಶಾವಿಗೆ ಮಷೀನ್ ಇತ್ತು. ಕೈಯಿಂದ ತಿರುಗಿಸುವ ಚಿಕ್ಕದಲ್ಲ. ಡೀಸೆಲ್ ಎಂಜಿನ್ನಿಗೆ ಬೆಲ್ಟ್ ಹಾಕಿ ಓಡಿಸುವ ದೊಡ್ಡದು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಅದನ್ನು ಅವಳೇ ಓಡಿಸುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಿನ್ನಿನ ಹ್ಯಾಂಡಲ್ ಹೊಡೆಯುವುದೂ ಅವಳೇ. ಶಿವರಾತ್ರಿ ಮುಗಿದು ಬಿಸಿಲು ಬಲಿತರೆ ಸಾಕು, ಓಣಿಯ ಹೆಂಗಸರು ಹಿಟ್ಟಿನ ಬುಟ್ಟಿ ಹೊತ್ತು ನಮ್ಮ ಹಿತ್ತಲಿಗೆ ಬರುತ್ತಿದ್ದರು. ಆ ವರ್ಷ ಓಣಿಯ ತುದಿಯಲ್ಲಿ ಒಬ್ಬರು ಕರೆಂಟಿನ ಮಷೀನ್ ಇಟ್ಟರು. ಹೊಗೆ ಇಲ್ಲ, ಡಬಡಬ ಸದ್ದಿಲ್ಲ. ಬುಟ್ಟಿಗಳೆಲ್ಲ ಅತ್ತ ತಿರುಗಿದವು. ಅವ್ವ ಶೆಡ್ಡಿನ ಬಾಗಿಲಲ್ಲಿ ಕುಳಿತು ತನ್ನ ಕಣ್ಣೆದುರೇ ಹಾದುಹೋಗುವ ಬುಟ್ಟಿಗಳನ್ನು ನೋಡುತ್ತಿದ್ದಳು. ಆಮೇಲೆ ಒಳಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದಳು.

ಅಷ್ಟರಲ್ಲಿ ದೇವದುರ್ಗದ ಒಂದು ದೊಡ್ಡ ಮನೆಯಿಂದ ಮಾತು ಬಂತು. ಮದುವೆ ಮನೆ, ಶಾವಿಗೆ ಬಹಳ ಬೇಕು. ಮಷೀನ್ ತಂದರೆ ನಮ್ಮ ಅಂಗಳದಲ್ಲೇ ಜಾಗ ಕೊಡುತ್ತೇವೆ, ನಮ್ಮ ಮನೆಯ ಕೆಲಸ ಚೆನ್ನಾಗಿ ಆದರೆ ಊರಿನ ಹೆಂಗಸರೆಲ್ಲ ಬರುತ್ತಾರೆ ಎಂದರು. ಅವ್ವ ಒಪ್ಪಿದಳು. ದಿನವನ್ನೂ ಗೊತ್ತು ಮಾಡಿದಳು. ಬುಧವಾರ ಬೆಳಿಗ್ಗೆ ಹಿಟ್ಟು ನಾದಿಡಿ, ನಾನು ಬಿಸಿಲೇರುವ ಮೊದಲೇ ಬಂದಿರುತ್ತೇನೆ ಎಂದು ಹೇಳಿ ಕಳಿಸಿದಳು. ರಾಯಚೂರಿನ ಬೇಸಿಗೆಯಲ್ಲಿ ನಾದಿದ ಹಿಟ್ಟು ಯಾರಿಗೂ ಕಾಯುವುದಿಲ್ಲ. ಮಧ್ಯಾಹ್ನ ದಾಟಿತೆಂದರೆ ಹುಳಿ. ಅದು ಹುಳಿಯಾದರೆ ಅವ್ವನ ಮಾತೂ ಹುಳಿ, ದೇವದುರ್ಗವೂ ಇಲ್ಲ, ಮಷೀನ್ ಸೀದಾ ಗುಜರಿಗೆ.

ಈಗ ಒಯ್ಯುವುದು ಹೇಗೆ? ಬಂಡಿಯಲ್ಲಿ ಒಯ್ದರೆ ಕುಲುಕಾಟಕ್ಕೆ ಎಂಜಿನ್ ಬಿಚ್ಚಿಹೋಗುತ್ತದೆ. ಲಾರಿಯವರು ಒಂದು ಮಷೀನಿಗಾಗಿ ಬರುವುದಿಲ್ಲ, ಬಂದರೂ ತಮ್ಮ ಮಾಲು ತುಂಬಿದ ಮೇಲೆಯೇ ಹೊರಡುತ್ತಾರೆ. ಆಗ ಅಪ್ಪ ಬಾಯಿ ಹಾಕಿದ. ಅಪ್ಪ ಗದಗಿನ ಕಡೆಯವನು. ನೀರಾವರಿ ಇಲಾಖೆಯ ಕೆಲಸಕ್ಕೆಂದು ಬಂದು, ರಾಯಚೂರಿನವಳಾದ ಅವ್ವನನ್ನು ಮದುವೆಯಾಗಿ ಇಲ್ಲೇ ಉಳಿದವನು. ಇಲಾಖೆಯ ಜೀಪಿನ ಹಿಂದೆ ಟ್ರಾಲಿ ಹೋಗುವುದನ್ನು ದಿನಾ ನೋಡಿದ್ದ.

"ಜೀಪಿಗೆ ಕಟ್ತಾರ, ಕಾರಿಗ್ಯಾಕ ಕಟ್ಟಬಾರದು? ಒಂದು ಕೊಕ್ಕಿ, ನಾಕು ವಾಯರ್. ಎಷ್ಟರ ಕೆಲಸ ಐತಿ?" ಎಂದ.

ಅವ್ವ ಬೇವಿನ ಮರದ ಕೆಳಗೆ ನಿಂತಿದ್ದ ಕಾರನ್ನು ನೋಡಿದಳು. "ಮೊದಲ ಅದು ತಾ ಹೋಗೋದು ಕಲೀಲಿ. ಆಮ್ಯಾಲ ಇನ್ನೊಂದನ್ನ ಎಳೀಲಿ."

ಆದರೂ ಬೇರೆ ದಾರಿ ಇರಲಿಲ್ಲ. ಕಾಲುವೆ ನೀರು ಬಂದಮೇಲೆ ಮಾನ್ವಿಯಲ್ಲಿ ಟ್ರ್ಯಾಕ್ಟರುಗಳು ಹೆಚ್ಚಿದ್ದವು, ಟ್ರಾಲಿ ಮಾಡುವ ವೆಲ್ಡಿಂಗ್ ಅಂಗಡಿಗಳೂ ಹೆಚ್ಚಿದ್ದವು. ಅಂಥ ಒಂದು ಅಂಗಡಿಯಲ್ಲಿ ಸಣ್ಣ ಟ್ರಾಲಿಗೆ ಹೇಳಿದೆವು. ಅದು ಸಿದ್ಧವಾದ ದಿನ ಕಾರಿಗೆ ಕೊಕ್ಕೆ ಹಾಕಿಸಲು ಅಪ್ಪ ಮತ್ತು ನಾನು ಹೋದೆವು. ವೆಲ್ಡಿಂಗ್ ಮಾಡುವವನು ಕಾರಿನ ಸುತ್ತ ಒಂದು ಸುತ್ತು ಬಂದು ಟೈರಿಗೆ ಒದ್ದ.

"ಸಾಹೇಬ್ರ, ನಾ ಕೊಕ್ಕಿ ಹಾಕಿದ ಟ್ರ್ಯಾಕ್ಟರ್‌ಗೋಳು ಭತ್ತದ ರಾಶಿ ರಾಶಿ ಎಳೀತಾವ. ನಿಮ್ಮದೇನು, ಒಂದು ಶಾವಿಗಿ ಮಷೀನ್. ಚಾ ಕುಡದು ಬರ್ರಿ, ಮುಗದಿರ್ತದ."

ಚಹಾ ಕುಡಿದು ಬಂದೆವು. ಮುಗಿದಿತ್ತು. ಕೊಕ್ಕೆಯನ್ನು ಬಂಪರಿಗೇ ಅಂಟಿಸಿದ್ದ. ಟ್ರಾಲಿ ಸಿಕ್ಕಿಸಿ ಅಪ್ಪ ಗಾಡಿ ಬಿಟ್ಟ. ಕಟ್ ಎಂದು ಸದ್ದಾಯಿತು. ಕಾರು ಮುಂದೆ ಹೋಯಿತು. ಟ್ರಾಲಿ ನಿಂತಲ್ಲೇ ನಿಂತಿತು. ಬಂಪರು ಟ್ರಾಲಿಯ ಜೊತೆಗೇ ಉಳಿಯಿತು. ಅಪ್ಪನಿಗೆ ಇದ್ಯಾವುದೂ ಗೊತ್ತಿಲ್ಲ, ಕೈ ಹೊರಗೆ ಹಾಕಿ "ಬೆಸ್ಟ್ ಐತಿ! ಭಾರನ ಗೊತ್ತಾಗವಲ್ದು!" ಎಂದು ಕೂಗುತ್ತ ಅಕ್ಕಿ ಗಿರಣಿಯವರೆಗೆ ಹೋಗಿಬಿಟ್ಟ.

ತಿರುಗಿ ಬಂದ ಅಪ್ಪನ ಮುಖ ನೋಡಿ ವೆಲ್ಡಿಂಗಿನವನು ಮೊದಲೇ ಬಾಯಿ ತೆರೆದ. "ನೀವು ಭಾಳ ಜೋರು ಎಳದ್ರಿ."

"ಏ, ಎಳೀಲಿಕ್ಕಂತನ ಹಾಕ್ಸೇನೋ ಅದನ್ನ!"

ಅವನು ಕಾರಿನ ಕೆಳಗೆ ತೂರಿದ. ಬಹಳ ಹೊತ್ತು ಅವನ ಕಾಲು ಮಾತ್ರ ಕಾಣುತ್ತಿತ್ತು. ಒಳಗಿನಿಂದ ದನಿ ಬಂತು. "ಸಾಹೇಬ್ರ, ಇದಕ್ಕ ಚಾಸಿನ ಇಲ್ಲಲ್ರೀ!"

"ಕಾರಿಗೆ ಲಾರಿಯಂಥ ಬ್ಯಾರೆ ಕಬ್ಬಿಣದ ಚಾಸಿ ಇರಂಗಿಲ್ಲಪ್ಪ. ಬಾಡಿನ ಎಲ್ಲಾ."

"ಮತ್ತ ಮೊದಲ ಹೇಳಬೇಕಿಲ್ರೀ?"

"ನಾ ಹೇಳೂದಾ? ವೆಲ್ಡಿಂಗ್ ಅಂಗಡಿ ನಿಂದೋ, ನಂದೋ?"

ಆಮೇಲೆ ಡಿಕ್ಕಿಯ ತಳಕ್ಕೆ ತೂತು ಕೊರೆದು, ಮೇಲೆ ಕೆಳಗೆ ದಪ್ಪ ತಗಡು ಕೊಟ್ಟು, ಬೋಲ್ಟ್ ಬಿಗಿದ. ಬೋಲ್ಟಿನ ತಲೆ ಸಡಿಲಾಗಬಾರದೆಂದು ಅದಕ್ಕೂ ಬೆಸುಗೆ ಹೊಡೆದ. ಈ ಸಲ ಅಲುಗಾಡಲಿಲ್ಲ. ಆದರೆ ಕೊಕ್ಕೆಯ ಅಡ್ಡಪಟ್ಟಿ ಹೋಗಿ ನಿಂತದ್ದು ಸ್ಟೆಪ್ನಿ ಚಕ್ರ ಇಡುವ ಗೂಡಿನ ಬಾಗಿಲಿಗೆ. ಕೆಲಸಕ್ಕೆಂದು ಹೊರಗೆ ತೆಗೆದಿಟ್ಟಿದ್ದ ಸ್ಟೆಪ್ನಿ ಇನ್ನು ಒಳಗೆ ಹೋಗುವಂತಿಲ್ಲ. ಹಿಂದಿನ ಸೀಟಿನ ಮೇಲೆ ಕೂರಿಸಿಕೊಂಡು ಬಂದೆವು. ಮನೆಯ ಮುಂದೆ ಬಾಗಿಲು ತೆರೆದ ಅವ್ವ ಅದನ್ನು ನೋಡಿ ಕೇಳಿದಳು: "ಇವ್ರು ಯಾರು, ಹೊಸಾ ಬೀಗರೇನು?"

ಇನ್ನು ದೀಪದ ಕತೆ. ಮಷೀನ್ ಹೇರಿದ ಟ್ರಾಲಿ ಹಿಂದೆ ನಿಂತರೆ ಕಾರಿನ ಹಿಂದಿನ ದೀಪಗಳು ಕಾಣುವುದಿಲ್ಲ. ಹಾಗಾಗಿ ಟ್ರಾಲಿಗೂ ಬ್ರೇಕ್ ದೀಪ, ಇಂಡಿಕೇಟರ್ ಬೇಕು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಗಾಡಿಗಳ ವಾಯರಿಂಗ್ ಮಾಡುವ ಸಾಬರೊಬ್ಬರಿದ್ದರು. ಮೂರು ಕಂದೀಲಿನ ಪಕ್ಕದಲ್ಲಿದ್ದೂ ಆ ಮನುಷ್ಯ ಎರಡು ದೀಪ ಹೊತ್ತಿಸಲು ನಮ್ಮನ್ನು ಎಷ್ಟು ಸಲ ತಿರುಗಾಡಿಸಿದನೆಂದು ಕೇಳಬೇಡಿ. ಒಮ್ಮೆ ಇಂಡಿಕೇಟರ್ ಹಾಕಿದರೆ ಜ್ವರ ಬಂದವರ ನಾಡಿಯಂತೆ ಟಕಟಕಟಕ ಹೊಡೆದುಕೊಂಡಿತು. ಒಂದು ಬಲ್ಬು ಹೆಚ್ಚಾದದ್ದು ಅದನ್ನು ಮಿಣುಕಿಸುವ ಡಬ್ಬಿಗೆ ತಾಳದಂತೆ, ದೊಡ್ಡ ಡಬ್ಬಿ ಹೈದರಾಬಾದಿನಿಂದ ಬರಬೇಕಂತೆ. ಅದು ಬಂದಾಗ ಸಾಬರು ಯಾರದೋ ಮದುವೆಗೆ ಹೋಗಿದ್ದರು. ಸಾಬರು ಬಂದಾಗ ಅಂಗಡಿಯಲ್ಲಿ ಕರೆಂಟು ಇರಲಿಲ್ಲ. ಅಪ್ಪ ದಿನಾ ಸಂಜೆ ಹೋಗಿ ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬೆವರು ಒರೆಸಿಕೊಂಡು ಬರುತ್ತಿದ್ದ. ಅವ್ವ ಬುಧವಾರವನ್ನು ಬೆರಳಲ್ಲಿ ಎಣಿಸುತ್ತಿದ್ದಳು.

ಕೊನೆಗೂ ಕಾರಿನ ಕಡೆಯ ಕೆಲಸ ಮುಗಿಯಿತು. ಟ್ರಾಲಿ ಇನ್ನೂ ಮಾನ್ವಿಯಲ್ಲೇ ಇತ್ತು. ಸಾಬರು ಎರಡು ಬಲ್ಬು ಕೈಯಲ್ಲಿ ಹಿಡಿದು ಹೊತ್ತಿಸಿ ತೋರಿಸಿದರು. ಟ್ರಾಲಿಯ ಕಡೆಯ ಇಂಡಿಕೇಟರ್ ವಾಯರುಗಳನ್ನು ನೀವೇ ಜೋಡಿಸಿಕೊಳ್ಳಿ, ಅದಕ್ಕಾಗಿ ನಾನು ಮಾನ್ವಿಗೆ ಬರಲಾರೆ ಎಂದರು.

"ಕೆಂಪು ಸೀದಾ ಹಾಕ್ರಿ ಸಾಬ್, ಹಸ್ರು ಉಲ್ಟಾ. ಬಸ್, ಖತಂ."

"ಕೆಂಪು ಸೀದಾ, ಹಸಿರು ಉಲ್ಟಾ," ಎಂದ ಅಪ್ಪ.

"ಹಾಂ. ಸೀದಾ, ಉಲ್ಟಾ."

ಮಾನ್ವಿಯ ದಾರಿಯುದ್ದಕ್ಕೂ ಅಪ್ಪ ಅದನ್ನೇ ಜಪಿಸಿದ. ಅಲ್ಲಿ ಎರಡೂ ವಾಯರುಗಳು ಟ್ರಾಲಿಯ ಎಡಮೂಲೆಯಿಂದ ಒಳಗೆ ಹೋಗುತ್ತಿದ್ದವು. ಅಪ್ಪ ಕೆಂಪು ವಾಯರನ್ನು ಎಡ ಅಂಚಿನ ಗುಂಟ ನೆಟ್ಟಗೆ ಎಳೆದು ಎಡಗಡೆಯ ದೀಪಕ್ಕೆ ಕೊಟ್ಟ. ಸೀದಾ. ಹಸಿರನ್ನು ಅಡ್ಡ ದಾಟಿಸಿ ಆಚೆ ಬದಿಗೆ, ಬಲಗಡೆಯ ದೀಪಕ್ಕೆ ಕೊಟ್ಟ. ಉಲ್ಟಾ. ಆಮೇಲೆ ಕಾರಿನಲ್ಲಿ ಕುಳಿತು ಒಮ್ಮೆ ಆಕಡೆ, ಒಮ್ಮೆ ಈಕಡೆ ಸ್ವಿಚ್ ಹಾಕಿ ಕೇಳಿದ: "ಹತ್ತಾಕತ್ತಾವೇನೋ?"

"ಎರಡೂ ಹತ್ತಾಕತ್ತಾವ್ರೀ!" ಎಂದು ವೆಲ್ಡಿಂಗಿನವನು ಹಿಂದಿನಿಂದ ಕೂಗಿದ.

ಯಾವಾಗ ಯಾವುದು ಹೊತ್ತಿತು ಎಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಹೊತ್ತಿತಲ್ಲ, ಅದೇ ಹಬ್ಬ. ಆ ಪುಣ್ಯಾತ್ಮ ಅಷ್ಟಕ್ಕೇ ಬಿಡಲಿಲ್ಲ. ಕಾಲುವೆ ನೀರು ಹರಿಯುವ ದಾರಿ, ವಾಯರು ತೊಯ್ಯುತ್ತದೆ ಎಂದು ಜೋಡಿಸಿದ ಜಾಗದ ಮೇಲೆಲ್ಲ ಡಾಂಬರು ಕಾಯಿಸಿ ಹೊಯ್ದ. "ಇನ್ನ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಂಗಿಲ್ಲ ನೋಡ್ರಿ," ಎಂದ. ಅದು ಮಾತ್ರ ನಿಜವಾಯಿತು.

ಬುಧವಾರ ಬಂತು. ಬೆಳಕು ಹರಿಯುವಾಗಲೇ ಓಣಿಯ ಗಂಡಸರು ಸೇರಿ ಮಷೀನ್ ಮತ್ತು ಎಂಜಿನ್ನನ್ನು, ಮಾನ್ವಿಯಿಂದ ಖಾಲಿ ಎಳೆದು ತಂದಿದ್ದ ಟ್ರಾಲಿಗೆ ಹೇರಿ ಬೋಲ್ಟ್ ಬಿಗಿದರು. ಇನ್ನೇನು ಹೊರಡಬೇಕು, ಅಪ್ಪ ಬ್ರೇಕ್ ಒತ್ತಿದ. ಟ್ರಾಲಿಯ ದೀಪಗಳೆಲ್ಲ ಒಟ್ಟಿಗೆ ಮಂಕಾಗಿ ಮಿಣುಮಿಣು ಅಂದವು. ದೀಪದ ನೆಗೆಟಿವ್ ಕೊಕ್ಕೆಯ ಕಬ್ಬಿಣದ ಮೂಲಕ ಹೋಗಬೇಕು, ಅದಕ್ಕೆ ಬಳಿದ ಗ್ರೀಸು ತಡೆಯುತ್ತಿದೆ ಎಂದು ಯಾರೋ ಹೇಳಿದರು. ಗ್ರೀಸು ಒರೆಸಿದ್ದಾಯಿತು. ಬೇರೆ ವಾಯರು ಹುಡುಕಿದ್ದಾಯಿತು, ಅದನ್ನು ಸುತ್ತಿದ್ದಾಯಿತು. ಅಷ್ಟರಲ್ಲಿ ಬಿಸಿಲು ತಲೆ ಸುಡುತ್ತಿತ್ತು. ಅವ್ವ ಹಿಂದಿನ ಸೀಟಿನಲ್ಲಿ ಸ್ಟೆಪ್ನಿಯ ಪಕ್ಕ ಕುಳಿತು ಒಂದೇ ಮಾತು ಆಡುತ್ತಿದ್ದಳು. "ಅಲ್ಲಿ ಹಿಟ್ಟು ನಾದ್ಯಾರ. ಅಲ್ಲಿ ಹಿಟ್ಟು ನಾದ್ಯಾರ್ರೀ."

ಹೊರಟೆವು. ಟ್ರಾಲಿ ಹಿಂದಿನಿಂದ ಕಾರನ್ನು ಆಚೀಚೆ ದೂಡುತ್ತಿತ್ತು. ಅಪ್ಪ ಎರಡೂ ಕೈಯಿಂದ ಸ್ಟೇರಿಂಗ್ ಅವುಚಿ ಹಿಡಿದು, ಉಸಿರೂ ಬಿಡದೆ ಓಡಿಸುತ್ತಿದ್ದ. ಮುಂದೆ ದಾರಿ ಒಡೆಯುವ ಕ್ರಾಸ್ ಬಂತು. ಎಡಕ್ಕೆ ಹೋದರೆ ಮಾನ್ವಿ, ಬಲಕ್ಕೆ ಹೋದರೆ ದೇವದುರ್ಗ. ಅಪ್ಪ ಬಲಗಡೆಯ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಬಲಕ್ಕೆ ಹೊರಳಿಸಿದ. ಅದೇ ಕ್ಷಣ ಹಿಂದಿನಿಂದ ಬಂದು, ನಮ್ಮ ಬಲಗಡೆಯಿಂದಲೇ, ಭತ್ತದ ಚೀಲ ಹೇರಿದ ಲಾರಿಯೊಂದು ಕಿವಿ ಹರಿಯುವ ಹಾಗೆ ಹಾರ್ನ್ ಹೊಡೆಯುತ್ತ ನುಗ್ಗಿತು. ಅಪ್ಪ ಬ್ರೇಕ್ ಮೇಲೆ ಎದ್ದು ನಿಂತ. ಲಾರಿ ಕಾರಿನ ಮೂಗನ್ನು ಸವರಿದಂತೆ ಹಾದು, ಹೊಲದ ಮಣ್ಣಿಗೆ ಇಳಿದು ನಿಂತಿತು. ಧೂಳೇ ಧೂಳು. ನಮ್ಮ ಟ್ರಾಲಿ ಅಡ್ಡಡ್ಡ ನಿಂತಿತ್ತು. ಸ್ಟೆಪ್ನಿ ಅವ್ವನ ತೊಡೆಯ ಮೇಲಿತ್ತು.

ಲಾರಿಯ ಡ್ರೈವರ್ ಇಳಿದು ಬಂದ. "ಏ ಯಪ್ಪಾ! ಎಡಗಡಿ ಲೈಟ್ ಹಾಕಿ ಬಲಗಡಿ ಹೊಳ್ಳತೀಯಲ್ಲ, ತಲಿ ಕೆಟ್ಟದೇನು?"

"ಯಾರಿಗೆ ಹೇಳ್ತಿ? ನಾ ಬಲಗಡೇನ ಹಾಕೇನಿ!"

ನಾನು ಇಳಿದು ಹಿಂದೆ ಹೋಗಿ ನೋಡಿದೆ. ಟ್ರಾಲಿಯ ಎಡಗಡೆಯ ದೀಪ ಏನೂ ಆಗದವರಂತೆ ಮಿಣುಕುತ್ತಿತ್ತು. "ಯಪ್ಪಾ, ಎಡಗಡಿ ಹತ್ತಾಕತ್ತದ."

"ಸರಿಯಾಗಿ ನೋಡು."

"ನೋಡೇ ಹೇಳಾಕತ್ತೀನಿ."

"ನೀ ಯಾವ ಕಡೆ ಮಾರಿ ಮಾಡಿ ನಿಂತಿ?"

ನನ್ನ ಮೈ ಉರಿಯಿತು. ಆದರೆ ಲಾರಿಯವನಿಗೆ ಈಗ ಸಿಟ್ಟು ಇಳಿದು ನಗು ಬರತೊಡಗಿತ್ತು. "ನೋಡ್ರಿ ಸಾಹೇಬ್ರ, ಎಡಗಡಿ ಹಾಕಿದ್ರ ಮಾನ್ವಿಗೆ ಹೊಂಟಾನ ಅಂತೀವಿ. ಬಲಗಡಿ ಹಾಕಿದ್ರ ನಮಗ ಸೈಡ್ ಕೊಟ್ಟು ಮುಂದ ಹೋಗು ಅಂದಾನ ಅಂತೀವಿ. ಹೆಂಗ ಹಾಕಿದ್ರೂ ನಾ ಬರೋದು ಬರೋದ. ನೀವು ದೇವದುರ್ಗಕ್ಕ ಹೊಂಟೀರಿ ಅಂತ ನನಗ ಕನಸು ಬೀಳಬೇಕೇನು? ಕೈ ತೋರಸ್ರಿ, ಕೈ!"

ಅವ್ವ ಸ್ಟೆಪ್ನಿಯನ್ನು ಆಚೆ ದೂಡಿ ಕೆಳಗಿಳಿದಳು. ಲಾರಿಯವನ ಕಡೆ ನೋಡಲಿಲ್ಲ. ಅಪ್ಪನ ಮುಂದೆ ಬಂದು ನಿಂತಳು.

"ವಾಯರಿನಾಂವ ನಿಮಗ ಏನಂತ ಹೇಳಿದ್ದ? ಇದ್ದದ್ದು ಇದ್ದಂಗ ಹೇಳ್ರಿ."

"ಕೆಂಪು ಸೀದಾ ಹಾಕ್ರಿ, ಹಸಿರು ಉಲ್ಟಾ ಹಾಕ್ರಿ ಅಂದ. ಹಂಗ ಹಾಕೇನಿ. ಕೆಂಪು ನೆಟ್ಟಗ, ಹಸಿರು ಅಡ್ಡ."

"ಸೀದಾ ಅಂದ್ರ?"

"ಸೀದಾ ಅಂದ್ರ ನೆಟ್ಟಗ! ಇದೇನ್ ಕೇಳ್ತಿ?"

"ಅದು ನಿಮ್ಮ ಗದಗಿನ್ಯಾಗ," ಎಂದು ಅವ್ವ ಬಲಗೈ ಮುಂದೆ ಚಾಚಿದಳು. ಬಳೆ ಗಲ್ ಎಂದವು. "ಬಳಿಗಾರ ಸಾಬ ಓಣ್ಯಾಗ ಬಂದು 'ಸೀದಾ ಹಾತ್ ದೇವ್ ಅಮ್ಮಾ' ಅಂದ್ರ ನಾ ಯಾವ ಕೈ ಕೊಡ್ತೀನಿ? ನೆಟ್ಟಗಿದ್ದ ಕೈ ಹುಡುಕಿ ಕೊಡ್ತೀನೇನು? ಬಲಗೈ ಕೊಡ್ತೀನಿ. ಅವರ ಮಾತಿನ್ಯಾಗ ಸೀದಾ ಅಂದ್ರ ಬಲಕ್ಕ. ಉಲ್ಟಾ ಅಂದ್ರ ಎಡಕ್ಕ. ಇಷ್ಟು ವರ್ಷ ರಾಯಚೂರಾಗಿದ್ದು ಇದ ಗೊತ್ತಿಲ್ಲೇನ್ರೀ?"

ಅಪ್ಪ ಬಗ್ಗಿ ಟ್ರಾಲಿಯ ಡಾಂಬರು ಮೆತ್ತಿದ ಮೂಲೆಯನ್ನು ನೋಡಿದ. ಆಮೇಲೆ, "ಹಂಗಾರ ಬಲ ಅಂತ ಹೇಳಾಕ ಅವಗೇನ್ ರೋಗ ಬಂದಿತ್ತು?" ಎಂದ. ಲಾರಿಯವನು ನಗುತ್ತ ಹೋಗಿ ಗಾಡಿ ಹತ್ತಿದ.

ಅಪ್ಪ ಸ್ಕ್ರೂಡ್ರೈವರ್ ತೆಗೆದು ಡಾಂಬರು ಕೆರೆಯತೊಡಗಿದ. ಬಿಸಿಲಿಗೆ ಅದು ಅಂಟಂಟಾಗಿ ಸ್ಕ್ರೂಡ್ರೈವರಿಗೆ ಹತ್ತಿತು, ಬೆರಳಿಗೆ ಹತ್ತಿತು, ಬಿಳಿ ಅಂಗಿಗೆ ಹತ್ತಿತು. ವಾಯರು ಮಾತ್ರ ಕಾಣಲಿಲ್ಲ. ನಾನು ಹೇಳಿದೆ: "ಬಲಕ್ಕ ಹೋಗೋವಾಗ ಎಡಗಡಿ ಸ್ವಿಚ್ ಹಾಕು, ಮುಗೀತಲ್ಲ."

"ಆಗ ಹಿಂದಿನವರಿಗೆ ಖರೆ ಹೇಳಿದಂಗಾತು, ಎದುರಿಗೆ ಬರಾವರಿಗೆ ಸುಳ್ಳು. ಇಲ್ಲಿ ಉಳದು ಅಲ್ಲಿ ಸಾಯೂಣೇನು?"

"ಏಳ್ರಿ," ಎಂದಳು ಅವ್ವ. "ಲೈಟೂ ಬ್ಯಾಡ, ಗೀಟೂ ಬ್ಯಾಡ. ನೀವು ಎರಡೂ ಕೈಲೆ ಸ್ಟೇರಿಂಗ್ ಹಿಡೀರಿ. ನಾ ಕೈ ತೋರಸ್ತೀನಿ. ಹಿಟ್ಟು ಹುಳಿ ಆಗಾಕತ್ತದ."

ಅಲ್ಲಿಂದ ದೇವದುರ್ಗದವರೆಗೆ ನಮ್ಮ ಕಾರಿನ ಇಂಡಿಕೇಟರ್ ಅವ್ವನ ಬಲಗೈ. ಕಿಟಕಿಯಿಂದ ಭುಜದವರೆಗೆ ಹೊರಗೆ ಚಾಚಿ, ತಿರುವು ಬಂದರೆ ನೆಟ್ಟಗೆ ಹಿಡಿಯುತ್ತಿದ್ದಳು. ಹಿಂದಿನವರಿಗೆ ದಾರಿ ಬಿಡಬೇಕಾದರೆ ಹಿಂದಿನಿಂದ ಮುಂದಕ್ಕೆ ಬೀಸುತ್ತಿದ್ದಳು, ಕೋಳಿ ಓಡಿಸುವ ಹಾಗೆ. ಹಿಂದೆ ಬಂದ ಸರ್ಕಾರಿ ಬಸ್ಸೊಂದು ಆ ಹಸಿರು ಬಳೆಗಳ ಮಾತನ್ನು ಮರುಮಾತಿಲ್ಲದೆ ಕೇಳಿತು. ಇಷ್ಟು ದಿನ ತಿರುಗಾಡಿ, ಡಬ್ಬಿ ತರಿಸಿ, ವಾಯರು ಎಳೆಸಿ, ಡಾಂಬರು ಹೊಯ್ಯಿಸಿ, ಕೊನೆಗೆ ಕೈ! ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು.

ನಾವು ಮುಟ್ಟಿದಾಗ ಹೊತ್ತು ವಾಲಿತ್ತು. ಮದುವೆ ಮನೆಯ ಅಂಗಳದಲ್ಲಿ ಹೆಂಗಸರು ಸಾಲಾಗಿ ಮಣೆ ಹಾಕಿಕೊಂಡು ಕೈಯಿಂದಲೇ ಶಾವಿಗೆ ಹೊಸೆಯಲು ಕುಳಿತುಬಿಟ್ಟಿದ್ದರು. ಕಂಬಕ್ಕೆ ಒರಗಿ ಕುಳಿತಿದ್ದ ಮನೆಯ ಹಿರಿಯಾಕೆ ನಮ್ಮನ್ನು ನೋಡಿ ಏಳಲಿಲ್ಲ.

"ಬಂದೇನವ್ವಾ? ನಿನ್ನ ಮಷೀನ್ ಬರೋದ್ರಾಗ ನಮ್ಮ ಹುಡುಗಿಗೆ ಎರಡು ಮಕ್ಕಳಾಗ್ತಾವೇನೋ ಅಂದ್ಕೊಂಡಿದ್ದೆ."

ಅವ್ವ ನಾದಿಟ್ಟ ಹಿಟ್ಟಿನ ಮೇಲಿನ ಒದ್ದೆ ಬಟ್ಟೆ ಸರಿಸಿ ಮೂಸಿದಳು. ಒಂದು ಚೂರು ನಾಲಿಗೆಗೆ ಹಚ್ಚಿದಳು. ಬಟ್ಟೆ ಮುಚ್ಚಿದಳು.

"ಇದನ್ನ ಹಾಕಂಗಿಲ್ಲ ಯವ್ವಾ. ಹುಳಿ ಹೊಡದದ."

"ಏ ಹಾಕು. ಮಷೀನಿಗೇನು ಮೂಗದೇನು?"

"ಮಷೀನಿಗಿಲ್ಲ. ನಿಮ್ಮ ಬೀಗರಿಗದ."

ಮಣೆಯ ಮೇಲಿದ್ದ ಹೆಂಗಸರು ಕಿಸಕ್ಕೆಂದರು. ಮುದುಕಿ ಅವ್ವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ಕೂಗಿ ಹೊಸ ಹಿಟ್ಟು ತರಿಸಿದಳು. ಅವ್ವ ತಾನೇ ನಾದಲು ಕುಳಿತಳು. ಅವಳ ಬಲಗೈ ಮೊಣಕೈಯಿಂದ ಬೆರಳಿನವರೆಗೆ ಬಿಸಿಲಿಗೆ ಕೆಂಪಾಗಿತ್ತು, ಎಡಗೈ ಬೇರೆಯವರದೇನೋ ಅನ್ನುವ ಹಾಗೆ ಕಾಣುತ್ತಿತ್ತು. ಹಿಟ್ಟು ಹದಕ್ಕೆ ಬಂದಮೇಲೆ ಎಂಜಿನ್ನಿನ ಹ್ಯಾಂಡಲ್ ಹಿಡಿದಳು. ಎಷ್ಟು ಹೊಡೆದರೂ ಅದು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಅಪ್ಪ ಮುಂದೆ ಬಂದ. "ಸರೀರಿ ನೀವು," ಎಂದಳು. ಕೊನೆಗೆ ಡಬ್ ಎಂದಿತು. ಡಬಡಬ ಎಂದಿತು. ಮಷೀನಿನ ಬಾಯಿಂದ ಶಾವಿಗೆ ಎಳೆಎಳೆಯಾಗಿ ಇಳಿಯಿತು. ಅವ್ವ ಅದನ್ನು ಕೋಲಿನ ಮೇಲೆ ತೆಗೆದುಕೊಂಡು ಹಗ್ಗಕ್ಕೆ ಹಾಕಿದಳು. ಮುದುಕಿ ಎದ್ದು ಬಂದು ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಗಳಲಿಲ್ಲ. ಮಣೆಗಳ ಕಡೆ ತಿರುಗಿ, "ಏಳ್ರೇ, ಎಷ್ಟೊತ್ತು ಹೊಸೀತೀರಿ," ಎಂದಳು.

ಮರುದಿನ ಬೆಳಿಗ್ಗೆ ಆ ಅಂಗಳದ ಬಾಗಿಲಿಗೆ ಬುಟ್ಟಿಗಳು ಬಂದವು. ಅದರ ಮರುದಿನ ಇನ್ನೂ ಹೆಚ್ಚು. ಮದುವೆ ಮುಗಿದರೂ ಮುದುಕಿ ಮಷೀನನ್ನು ಬಿಡಲಿಲ್ಲ, ಹಿತ್ತಲಿನ ದನದ ಕೊಟ್ಟಿಗೆಯ ಅರ್ಧ ಖಾಲಿ ಮಾಡಿಸಿ ಅಲ್ಲೇ ಇಡಿಸಿದಳು. ಬೋಲ್ಟ್ ಹಾಕಿದ ಟ್ರಾಲಿಯೂ ಅಲ್ಲೇ ಉಳಿಯಿತು, ಆ ಸುಳ್ಳು ಹೇಳುವ ದೀಪಗಳ ಸಮೇತ. ಎಷ್ಟೋ ಬೇಸಿಗೆ ಅವ್ವ ದೇವದುರ್ಗದಲ್ಲೇ ಶಾವಿಗೆ ಮಾಡಿದಳು. ಅಂದರೆ ಅಷ್ಟೆಲ್ಲ ಕಷ್ಟಪಟ್ಟು ಹಾಕಿಸಿದ ಕೊಕ್ಕೆಗೆ ಮತ್ತೆ ಎಳೆಯಲು ಏನೂ ಉಳಿಯಲಿಲ್ಲ. ಬಿಚ್ಚಿಸೋಣವೆಂದರೆ ಬೋಲ್ಟಿಗೆ ಬೆಸುಗೆ. ಕಾರಿನ ಹಿಂದೆ ನಡೆದವರ ಕಾಲು ಒಡೆಯುತ್ತ ಅದು ಅಲ್ಲೇ ಇತ್ತು.

ಅಪ್ಪ ಸಾಬರ ಅಂಗಡಿಗೆ ಜಗಳಕ್ಕೂ ಹೋಗಿದ್ದ. "ನೀ ನನಗ ಸರಿಯಾಗಿ ಹೇಳಲಿಲ್ಲ!" ಎಂದು ಕೂಗಾಡಿದನಂತೆ. ಸಾಬರು ಕಿವಿ ಹಿಡಿದು ಆಣೆ ಮಾಡಿದರಂತೆ: "ಮೈ ಸೀದಾಚ್ ಬೋಲ್ಯಾ ಸಾಬ್!" ನಾನು ಸೀದಾನೇ ಹೇಳಿದ್ದೆ ಎಂದು. ಮನೆಗೆ ಬಂದು ಅದನ್ನು ಹೇಳುವಾಗ ಅಪ್ಪನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಅವ್ವ ಆ ಕಾರನ್ನು ಮತ್ತೆ ನಂಬಲಿಲ್ಲ. ದೇವದುರ್ಗಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೋಗುತ್ತಿದ್ದಳು. ಬಲಗಡೆ ಕಿಟಕಿಯ ಸೀಟೇ ಬೇಕು. ಒಮ್ಮೆ ನಾನೂ ಜೊತೆಗಿದ್ದೆ. ಆ ಕ್ರಾಸ್ ಬರುತ್ತಲೇ, ಬಸ್ಸು ಹೊರಳುವ ಮೊದಲೇ, ಅವಳ ಕೈ ತಾನಾಗಿ ಹೊರಗೆ ಹೋಯಿತು.

"ಯವ್ವಾ, ಕೈ ಒಳಗ ತಗೋರಿ," ಎಂದ ಕಂಡಕ್ಟರ್. "ಇಂಡಿಕೇಟರ್ ಹಾಕ್ಯಾರ ಡ್ರೈವರು."

"ಹಾಕಿರ್ತಾರಪ್ಪ," ಎಂದಳು ಅವ್ವ, ಕೈ ತೆಗೆಯದೆ. "ಹಿಂದ ಹೋಗಿ ಯಾವ ಕಡಿ ಹತ್ಯಾದ ನೋಡಿ ಬಾ, ಆಮ್ಯಾಲ ತಗೋತೀನಿ."